ರಂಪಣಿಯ ಇಳುವರಿ ಮತ್ತು ಶ್ರಮದ ಲೆಕ್ಕ: ಕರಾವಳಿಯ ಸಣ್ಣ ಮೀನುಗಾರಿಕೆಯ ಅಂಕಿಅಂಶಗಳ ಒಂದು ಜಾನಪದೀಯ ಪರಿಶೀಲನೆ

ಜನಪದರ ಹಾಡು, ಕಥೆ, ಗಾದೆ, ಆಚರಣೆಗಳನ್ನು ಸಂಗ್ರಹಿಸುವಲ್ಲಿ ಕನ್ನಡದ ಜಾನಪದ ವಿದ್ವಾಂಸರು ತೋರಿದ ಶ್ರದ್ಧೆ ದೊಡ್ಡದು. ಆದರೆ ಜನಪದರ ಲೆಕ್ಕವನ್ನು ಸಂಗ್ರಹಿಸುವ ಕೆಲಸ ಅದೇ ಪ್ರಮಾಣದಲ್ಲಿ ನಡೆದಿಲ್ಲ. ದುಡಿಯುವ ಸಮುದಾಯಗಳು ತಮ್ಮ ದುಡಿಮೆಯನ್ನು ಹೇಗೆ ಎಣಿಸುತ್ತವೆ, ಬಂದ ಫಲವನ್ನು ಯಾವ ಮಾನದಲ್ಲಿ ಅಳೆಯುತ್ತವೆ, ಯಾರ ಪಾಲನ್ನು ಯಾವ ನ್ಯಾಯದಿಂದ ನಿಗದಿಪಡಿಸುತ್ತವೆ ಎಂಬ ಪ್ರಶ್ನೆಗಳನ್ನು ನಾವು ಬಹುಮಟ್ಟಿಗೆ ಅರ್ಥಶಾಸ್ತ್ರಕ್ಕೆ ಮತ್ತು ಸಂಖ್ಯಾಶಾಸ್ತ್ರಕ್ಕೆ ಬಿಟ್ಟುಕೊಟ್ಟಿದ್ದೇವೆ. ಕರ್ನಾಟಕದ ಕರಾವಳಿಯಲ್ಲಿ ಒಂದು ಕಾಲಕ್ಕೆ ಪ್ರಧಾನವಾಗಿದ್ದ ರಂಪಣಿ ಮೀನುಗಾರಿಕೆಯ ಇತಿಹಾಸವನ್ನು ಈ ದೃಷ್ಟಿಯಿಂದ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಬೀದರ ಜಿಲ್ಲೆಯ ಬೇಮಳಖೇಡ ಸೀಮೆಯಂತಹ ಒಣಬೇಸಾಯದ ನೆಲದಿಂದ ಕಡಲಿನ ಲೆಕ್ಕಕ್ಕೆ ಹೋಗುವುದು ದೂರದ ದಾರಿ ಎನಿಸಬಹುದು. ಆದರೆ ಈ ವಿಷಯದ ಮೂಲಪ್ರಶ್ನೆ ಇಲ್ಲಿನ ಹೊಲದಲ್ಲಿಯೂ ಇದೆ. ಹುಮನಾಬಾದ, ಬಸವಕಲ್ಯಾಣಗಳನ್ನೊಳಗೊಂಡ ಉತ್ತರ ಕರ್ನಾಟಕದ ರೈತರಿಗೆ ಹೊಲವನ್ನು ಕೂರಿಗೆಯಿಂದ ಹೇಳುವುದು ರೂಢಿ. ಒಂದು ಕೂರಿಗೆ ಹೊಲವೆಂದರೆ ಒಂದು ಕೂರಿಗೆಯಿಂದ ಒಂದು ದಿನದಲ್ಲಿ ಬಿತ್ತಲು ಸಾಧ್ಯವಾಗುವಷ್ಟು ನೆಲ. ಸರಕಾರದ ಸರ್ವೆ ಇದನ್ನು ಎಕರೆ ಗುಂಟೆಗಳಿಗೆ ಪರಿವರ್ತಿಸಿತು. ಆದರೆ ಮಣ್ಣಿನ ಗುಣ, ಎತ್ತಿನ ಕಸುವು ಇವುಗಳ ಮೇಲೆ ವ್ಯತ್ಯಾಸವಾಗುವ ಕೂರಿಗೆಯು ಮೂಲತಃ ನೆಲದ ಅಳತೆಯಲ್ಲ, ದುಡಿಮೆಯ ಅಳತೆ. ‘ಈ ಸಲ ಕೂರಿಗೆಗೆ ಎಷ್ಟು ಚೀಲ ಜೋಳ ಆಯಿತು’ ಎಂದು ರೈತನೊಬ್ಬ ಇನ್ನೊಬ್ಬನನ್ನು ಕೇಳಿದಾಗ ಅವನು ಕೇಳುತ್ತಿರುವುದು ಇಂತಿಷ್ಟು ಶ್ರಮಕ್ಕೆ ಬಂದ ಫಲವೆಷ್ಟು ಎಂಬುದನ್ನೇ. ಕಣದಲ್ಲಿ ರಾಶಿ ಅಳೆಯುವಾಗ ಮೊದಲ ಅಳತೆಯನ್ನು ‘ಒಂದು’ ಎನ್ನದೆ ‘ಲಾಭ’ ಎಂದು ಎಣಿಸುವ ಪದ್ಧತಿಯೂ, ಮನೆಗೆ ಧಾನ್ಯ ಹೋಗುವ ಮೊದಲೇ ಬಡಿಗ, ಕಮ್ಮಾರ ಮೊದಲಾದ ಆಯಗಾರರ ಪಾಲನ್ನು ತೆಗೆದಿಡುವ ಪದ್ಧತಿಯೂ ಇದರೊಂದಿಗೆ ಸೇರಿವೆ. ಜನಪದರ ಎಣಿಕೆಯಲ್ಲಿ ಮೊತ್ತಕ್ಕಿಂತ ಮುಖ್ಯವಾದವು ಎರಡು: ಎಷ್ಟು ದುಡಿಮೆಗೆ ಇದು ಬಂತು ಮತ್ತು ಎಷ್ಟು ಕೈಗಳಿಗೆ ಇದು ಹಂಚಿಹೋಯಿತು.

ಮೀನುಗಾರಿಕೆಯ ವಿಜ್ಞಾನದಲ್ಲಿಯೂ ಇದೇ ತತ್ವವಿದೆ. ಇಳುವರಿಯನ್ನು ಶ್ರಮದಿಂದ ಭಾಗಿಸಿದಾಗ ದೊರೆಯುವ ಪ್ರಮಾಣವನ್ನು ಕಡಲಿನ ಮೀನು ಸಂಪತ್ತಿನ ಸೂಚಿಯೆಂದು ಅದು ಪರಿಗಣಿಸುತ್ತದೆ. ಶೇಫರ್ 1954ರಲ್ಲಿ ಮಂಡಿಸಿದ ಮಾದರಿಯೂ, ಬೆವರ್ಟನ್ ಮತ್ತು ಹೋಲ್ಟ್ ಅವರ 1957ರ ಗ್ರಂಥವೂ ಇಳುವರಿ ಮತ್ತು ಶ್ರಮಗಳ ಸಂಬಂಧವನ್ನು ಗಣಿತದ ನೆಲೆಯಲ್ಲಿ ಗಟ್ಟಿಗೊಳಿಸಿದವು. ತತ್ವ ಸರಳವಾಗಿದೆ. ಕಷ್ಟವಿರುವುದು ಶ್ರಮವೆಂದರೇನು ಎಂದು ನಿರ್ಧರಿಸುವಲ್ಲಿ. ಬಲೆ ಬೀಸಿದ ಸಲವೇ, ದೋಣಿ ಕಡಲಿಗಿಳಿದ ದಿನವೇ, ದಡದಲ್ಲಿ ಕಾದ ದಿನವೇ, ಎಳೆದ ಕೈಗಳ ಸಂಖ್ಯೆಯೇ? ರಂಪಣಿಯ ವಿಷಯದಲ್ಲಿ ಈ ಪ್ರಶ್ನೆಗೆ ಕೊಡುವ ಉತ್ತರ ಬದಲಾದಂತೆ ಇತಿಹಾಸದ ಅರ್ಥವೂ ಬದಲಾಗುತ್ತದೆ.

1. ಉಪ್ಪಿನ ಲೆಕ್ಕದಲ್ಲಿ ಮೀನು

ಕರಾವಳಿಯ ಮೀನಿನ ಬಗೆಗಿನ ಮೊದಲ ಸರಕಾರಿ ಅಂಕಿಗಳು ಹುಟ್ಟಿದ್ದು ಮೀನಿಗಾಗಿ ಅಲ್ಲ, ಉಪ್ಪಿಗಾಗಿ. ಉತ್ತರ ಕನ್ನಡವು 1862ರಲ್ಲಿ ಮುಂಬಯಿ ಪ್ರಾಂತಕ್ಕೆ ಸೇರಿದ ಮೇಲೆ ದಕ್ಷಿಣ ಕನ್ನಡ ಮದ್ರಾಸ್ ಪ್ರಾಂತದಲ್ಲಿಯೇ ಉಳಿಯಿತು. ಹೀಗೆ ಒಂದೇ ಕಡಲತಡಿಯ ಮೀನುಗಾರರು ಎರಡು ಆಡಳಿತಗಳ ದಾಖಲೆಗಳಲ್ಲಿ ಹಂಚಿಹೋದರು. ಫ್ರಾನ್ಸಿಸ್ ಡೇ 1873ರಲ್ಲಿ ಭಾರತ ಮತ್ತು ಬರ್ಮಾದ ಕಡಲ ಮೀನುಗಾರಿಕೆಯ ಕುರಿತು ವರದಿ ಸಲ್ಲಿಸಿದನು. ಉಪ್ಪಿನ ತೆರಿಗೆಯಿಂದಾಗಿ ಬಡ ಮೀನುಗಾರರಿಗೆ ಮೀನನ್ನು ಕೆಡದಂತೆ ಇಡುವುದು ಕಷ್ಟವಾಗಿದ್ದ ಕಾಲವದು. ಮುಂದೆ ರಿಯಾಯಿತಿ ದರದ ಉಪ್ಪನ್ನು ಒದಗಿಸುವ ಮೀನು ಉಪ್ಪುಹಾಕುವ ಅಂಗಳಗಳು ಕಡಲತಡಿಯಲ್ಲಿ ಸ್ಥಾಪಿತವಾದವು.

ಈ ಅಂಗಳಗಳಿಗೆ ತಂದ ಮೀನಿನ ತೂಕ, ಕೊಟ್ಟ ಉಪ್ಪಿನ ತೂಕ ಇವುಗಳನ್ನು ಮಣಗಳಲ್ಲಿ ಬರೆದಿಡಲಾಗುತ್ತಿತ್ತು. ಆ ಅಂಕಿಗಳು ಇತಿಹಾಸಕಾರನಿಗೆ ಬೆಲೆಯುಳ್ಳವು. ಆದರೆ ಅವು ಹೇಳದೆ ಬಿಟ್ಟದ್ದನ್ನೂ ಗಮನಿಸಬೇಕು. ಹಸಿಯಾಗಿಯೇ ಮಾರಾಟವಾದ ಮೀನು, ಮೀನುಗಾರ್ತಿಯರು ಬುಟ್ಟಿಯಲ್ಲಿ ಹೊತ್ತು ಒಳನಾಡಿನ ಮನೆಮನೆಗೆ ಒಯ್ದ ಮೀನು, ಮರಳಿನ ಮೇಲೆ ಬಿಸಿಲಿಗೆ ಒಣಗಿದ ಮೀನು, ತೆಂಗಿನ ಬುಡಕ್ಕೆ ಗೊಬ್ಬರವಾಗಿ ಹೋದ ಬೂತಾಯಿ, ಮನೆಯ ಒಲೆಗೆ ಹೋದ ಪಾಲು – ಇವು ಯಾವುವೂ ಆ ಪುಸ್ತಕಕ್ಕೆ ಬರಲಿಲ್ಲ. ಎಷ್ಟು ಜನ ಎಷ್ಟು ದಿನ ದುಡಿದು ಅಷ್ಟು ಮೀನು ಬಂತೆಂಬುದಂತೂ ಉಪ್ಪಿನ ಇಲಾಖೆಗೆ ಬೇಕಾದ ಮಾಹಿತಿಯೇ ಆಗಿರಲಿಲ್ಲ. 1907ರಲ್ಲಿ ಫ್ರೆಡರಿಕ್ ನಿಕೋಲ್ಸನ್ ಅವರ ನೇತೃತ್ವದಲ್ಲಿ ಮದ್ರಾಸಿನ ಮೀನುಗಾರಿಕಾ ಬ್ಯೂರೊ ಆರಂಭವಾದ ಮೇಲೆ ಮೀನು ಸ್ವತಂತ್ರ ಅಧ್ಯಯನದ ವಸ್ತುವಾಯಿತು. ಜೇಮ್ಸ್ ಹಾರ್ನೆಲ್ ಅವರಂಥವರು ಬಲೆ, ದೋಣಿಗಳ ವಿವರಗಳನ್ನು ಆಸ್ಥೆಯಿಂದ ದಾಖಲಿಸಿದರು. ಇಷ್ಟಾದರೂ ಇಳುವರಿಯ ಜೊತೆಗೆ ಶ್ರಮವನ್ನೂ ಕ್ರಮವಾಗಿ ಎಣಿಸುವ ವ್ಯವಸ್ಥೆ ರೂಪುಗೊಳ್ಳಲು ಸ್ವಾತಂತ್ರ್ಯದ ನಂತರದ ಕಾಲದವರೆಗೆ ಕಾಯಬೇಕಾಯಿತು.

2. ರಂಪಣಿ: ಒಂದು ಬಲೆ, ಒಂದು ಊರು

ರಂಪಣಿಯು ದಡಕ್ಕೆ ಎಳೆಯುವ ಬೃಹತ್ ಬಲೆ. ಗೋವಾದ ಕೊಂಕಣಿಯಲ್ಲಿ ಇದಕ್ಕೆ ರಾಂಪೊಣ್ ಎಂಬ ಹೆಸರಿದೆ. ಹಲವು ತುಂಡುಗಳನ್ನು ಜೋಡಿಸಿ ಹೊಲಿದ ಈ ಬಲೆಯ ಉದ್ದ ಒಂದು ಕಿಲೋಮೀಟರಿಗೂ ಮಿಕ್ಕುವುದಿತ್ತು. ನೈಲಾನ್ ಬರುವ ಮೊದಲು ಸೆಣಬು, ಹತ್ತಿಗಳ ನೂಲಿನಿಂದ ಇದನ್ನು ಹೆಣೆಯುತ್ತಿದ್ದರು. ಮೊಗವೀರ, ಖಾರ್ವಿ, ಹರಿಕಂತ್ರ ಮೊದಲಾದ ಸಮುದಾಯಗಳು ಇದನ್ನು ನಡೆಸುತ್ತಿದ್ದವು. ಮಳೆಗಾಲ ಮುಗಿದು ನೂಲಹುಣ್ಣಿಮೆಯಂದು ಕಡಲಿಗೆ ಹಾಲು, ತೆಂಗಿನಕಾಯಿ ಅರ್ಪಿಸಿ ಪೂಜೆ ಸಲ್ಲಿಸಿದ ಮೇಲೆ ಮೀನುಗಾರಿಕೆಯ ಹೊಸ ವರ್ಷ ಆರಂಭ. ಮುಂದಿನ ತಿಂಗಳುಗಳಲ್ಲಿ ಬಂಗುಡೆ ಮತ್ತು ಬೂತಾಯಿಯ ಹಿಂಡುಗಳು ತೀರಕ್ಕೆ ಹತ್ತಿರ ಬರುವುದನ್ನು ಕಾದು ರಂಪಣಿ ಬೀಸುತ್ತಿದ್ದರು.

ಇಲ್ಲಿ ‘ಕಾದು’ ಎಂಬ ಮಾತು ಮುಖ್ಯವಾದದ್ದು. ರಂಪಣಿಯು ಮೀನನ್ನು ಅಟ್ಟಿಸಿಕೊಂಡು ಹೋಗುವ ಬಲೆಯಲ್ಲ. ನೀರಿನ ಬಣ್ಣದ ವ್ಯತ್ಯಾಸ, ಮೇಲ್ಮೈಯ ಕದಲಿಕೆ, ಹಕ್ಕಿಗಳ ಎರಗುವಿಕೆ ಇವುಗಳಿಂದ ಹಿಂಡನ್ನು ಗುರುತಿಸಬಲ್ಲ ಅನುಭವಿಗಳು ದಡದಲ್ಲಿ ಕಾವಲಿರುತ್ತಿದ್ದರು. ಅವರ ಕರೆ ಬಂದೊಡನೆ ದೋಣಿಯು ಬಲೆಯ ಒಂದು ತುದಿಯ ಹಗ್ಗವನ್ನು ದಡದಲ್ಲಿ ಬಿಟ್ಟು, ಅರ್ಧಚಂದ್ರಾಕಾರದಲ್ಲಿ ಹಿಂಡನ್ನು ಸುತ್ತಿ, ಇನ್ನೊಂದು ತುದಿಯನ್ನು ದಡಕ್ಕೆ ತರುತ್ತಿತ್ತು. ಅನಂತರ ಎರಡೂ ಕಡೆ ಹತ್ತಾರು ಜನ ಸಾಲಾಗಿ ನಿಂತು ಗಂಟೆಗಟ್ಟಲೆ ಎಳೆಯಬೇಕು. ಒಂದು ರಂಪಣಿಗೆ ಎಂಬತ್ತು, ನೂರು ಜನ ಸೇರುವುದು ಅಸಾಧಾರಣವಾಗಿರಲಿಲ್ಲ. ಹಿಂಡು ದೊಡ್ಡದಾದರೆ ಬಲೆಯನ್ನು ಪೂರ್ತಿ ಎಳೆಯದೆ ಮೀನನ್ನು ನೀರಿನಲ್ಲಿಯೇ ಕಟ್ಟಿಹಾಕಿ, ಮಾರಾಟಕ್ಕೆ ಬೇಕಾದಷ್ಟನ್ನು ಮಾತ್ರ ದಿನದಿನ ತೆಗೆಯುವ ಪದ್ಧತಿಯೂ ಇತ್ತು.

ಹಲವೆಡೆ ಬಲೆಯ ತುಂಡುಗಳು ಬೇರೆ ಬೇರೆ ಮನೆಗಳವು. ತುಂಡು ಕೊಟ್ಟವನಿಗೆ ಬಲೆಯ ಪಾಲು, ಎಳೆದವನಿಗೆ ಕೈಯ ಪಾಲು, ದೋಣಿಗೆ ದೋಣಿಯ ಪಾಲು. ದೇವರ ಪಾಲು ಬೇರೆ. ಕಡಲಿಗಿಳಿಯುವವರ ಕಾವಲು ದೈವವಾದ ಬೊಬ್ಬರ್ಯನನ್ನು ಮರೆತು ಈ ಕಸುಬು ನಡೆಯುವಂತಿರಲಿಲ್ಲ. ಹೀಗೆ ಪ್ರತಿಯೊಂದು ಬಲೆಯ ಫಲವು ಎಷ್ಟು ಶ್ರಮದಿಂದ ಬಂತೋ ಆ ಶ್ರಮದ ಅಂಗಾಂಗಗಳಿಗೆ ಒಡೆದುಹೋಗುತ್ತಿತ್ತು. ಬೇಮಳಖೇಡದ ಕಣದಲ್ಲಿ ಆಯಗಾರನ ಪಾಲು ತೆಗೆದಿಟ್ಟಂತೆಯೇ ಇದು. ಆಧುನಿಕ ಪರಿಭಾಷೆಯಲ್ಲಿ ಹೇಳುವುದಾದರೆ ರಂಪಣಿಯ ಪಾಲಿನ ವ್ಯವಸ್ಥೆಯೇ ಇಳುವರಿ ಮತ್ತು ಶ್ರಮಗಳ ಒಂದು ದಾಖಲೆ. ಒಂದು ಋತುವಿನಲ್ಲಿ ಕೈಪಾಲು ಎಷ್ಟಾಯಿತು ಎಂಬುದನ್ನು ಊರಿನ ಯಾವ ಮನೆಯೂ ಮರೆಯುತ್ತಿರಲಿಲ್ಲ.

3. ಮಾದರಿ ಸಮೀಕ್ಷೆಯ ಶಿಸ್ತು

1947ರ ಫೆಬ್ರವರಿಯಲ್ಲಿ ಆರಂಭವಾಗಿ, 1971ರಲ್ಲಿ ಕೊಚ್ಚಿಗೆ ಕೇಂದ್ರಸ್ಥಾನವನ್ನು ಬದಲಾಯಿಸಿಕೊಂಡ ಕೇಂದ್ರೀಯ ಸಮುದ್ರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯು ದೇಶದ ಕಡಲ ಮೀನಿನ ಅಂದಾಜಿಗೆ ಒಂದು ವೈಜ್ಞಾನಿಕ ಕ್ರಮವನ್ನು ರೂಪಿಸಿತು. ಸಾವಿರಾರು ಕಿಲೋಮೀಟರಿನ ಕಡಲತಡಿಯಲ್ಲಿ ಪ್ರತಿ ದೋಣಿಯ ಮೀನನ್ನು ತೂಗುವುದು ಅಸಾಧ್ಯ. ಆದುದರಿಂದ ತೀರವನ್ನು ವಲಯಗಳಾಗಿಯೂ ವರ್ಷವನ್ನು ತಿಂಗಳುಗಳಾಗಿಯೂ ವಿಭಜಿಸಿ, ಆಯ್ದ ಕೇಂದ್ರಗಳಲ್ಲಿ ಆಯ್ದ ದಿನಗಳಂದು ಮಾತ್ರ ವೀಕ್ಷಣೆ ಮಾಡುವ ಬಹುಹಂತದ ಯಾದೃಚ್ಛಿಕ ಮಾದರಿ ವಿಧಾನ ಬಳಕೆಗೆ ಬಂತು. ಅದರ ನಿಯಮಗಳು ಸೂಕ್ಷ್ಮವಾಗಿವೆ. ದಡಕ್ಕೆ ಬಂದ ದೋಣಿಗಳು 15ನ್ನು ಮೀರದಿದ್ದರೆ ಎಲ್ಲವನ್ನೂ ನೋಡಬೇಕು. 20ರಿಂದ 29 ಇದ್ದರೆ ಎರಡಕ್ಕೊಂದು, 30ರಿಂದ 39 ಇದ್ದರೆ ಮೂರಕ್ಕೊಂದು, 50ನ್ನು ತಲುಪಿದರೆ ಐದಕ್ಕೊಂದು. ವೀಕ್ಷಕನು ಮೊದಲ ದಿನ ಮಧ್ಯಾಹ್ನದಿಂದ ಸಂಜೆಯವರೆಗೆ, ಮರುದಿನ ಬೆಳಗಿನಿಂದ ಮಧ್ಯಾಹ್ನದವರೆಗೆ ದಡದಲ್ಲಿರಬೇಕು. ನಡುವಿನ ರಾತ್ರಿಯ ಮೀನನ್ನು ವಿಚಾರಿಸಿ ತಿಳಿಯಬೇಕು.

ಈ ವಿಧಾನವು ಭಾರತದ ಕಡಲ ಮೀನುಗಾರಿಕೆಗೆ ದೀರ್ಘಕಾಲದ, ಹೋಲಿಕೆಗೆ ಯೋಗ್ಯವಾದ ಅಂಕಿಸರಣಿಯನ್ನು ಒದಗಿಸಿದೆ ಎಂಬುದು ನಿರ್ವಿವಾದ. ಆದರೆ ಇದರ ಮೂಲಮಾನ ದಡಕ್ಕೆ ಬಂದ ದೋಣಿ. ಬಾರದ ದೋಣಿ, ಇಳಿಯದ ಬಲೆ, ಕಾದು ಕುಳಿತ ದಿನ ಇವು ಸಹಜವಾಗಿಯೇ ಈ ಮಾನದ ಹೊರಗೆ ನಿಲ್ಲುತ್ತವೆ. ಯಂತ್ರದೋಣಿಗೆ ಇದು ಅಷ್ಟು ದೊಡ್ಡ ಕೊರತೆಯಲ್ಲ. ಅದು ಮೀನು ಇರುವಲ್ಲಿಗೆ ಹೋಗುತ್ತದೆ. ರಂಪಣಿಗಾದರೋ ಕಾಯುವಿಕೆಯೇ ದುಡಿಮೆಯ ಬಹುಭಾಗ. ಒಂದೇ ಬೀಸಿನ ಮೀನನ್ನು ಹಲವು ದಿನ ತೆಗೆಯುತ್ತಿದ್ದ ಬಲೆಯನ್ನು ಯಾವ ದಿನದ ಖಾತೆಗೆ ಬರೆಯಬೇಕು ಎಂಬ ಪ್ರಶ್ನೆಯೂ ಇದರೊಂದಿಗೆ ಬರುತ್ತದೆ.

ಇದನ್ನು ಒಂದು ಕಲ್ಪಿತ ಉದಾಹರಣೆಯಿಂದ ಸ್ಪಷ್ಟಪಡಿಸಬಹುದು. ಎಂಬತ್ತು ಜನರ ಒಂದು ರಂಪಣಿ ಒಂದು ಋತುವಿನಲ್ಲಿ 90 ದಿನ ಕಾಯುತ್ತದೆ, 20 ಸಲ ಬೀಸುತ್ತದೆ, 100 ಟನ್ ಮೀನು ಎಳೆಯುತ್ತದೆ ಎಂದಿಟ್ಟುಕೊಳ್ಳೋಣ. ಮುಂದಿನ ಋತುವಿನಲ್ಲಿ ಅದೇ ಜನ ಅಷ್ಟೇ ದಿನ ಕಾಯುತ್ತಾರೆ. ಆದರೆ ಹಿಂಡು ಬಂದದ್ದು 8 ಸಲ, ಸಿಕ್ಕಿದ್ದು 40 ಟನ್. ಬೀಸಿಗೆ ಲೆಕ್ಕ ಹಾಕಿದರೆ ಎರಡೂ ವರ್ಷ 5 ಟನ್, ಏನೂ ಬದಲಾಗಿಲ್ಲ. ಕಾದ ದಿನಕ್ಕೆ ಲೆಕ್ಕ ಹಾಕಿದರೆ 1,111 ಕಿಲೋಗ್ರಾಂ ಇದ್ದದ್ದು 444ಕ್ಕೆ ಇಳಿದಿದೆ. ತಲೆಗೆ ಲೆಕ್ಕ ಹಾಕಿದರೆ 1,250 ಕಿಲೋಗ್ರಾಂ 500 ಆಗಿದೆ. ಮೊದಲ ಲೆಕ್ಕದಲ್ಲಿ ಕಡಲು ಕ್ಷೇಮವಾಗಿದೆ. ಉಳಿದೆರಡರಲ್ಲಿ ಊರು ಹಸಿದಿದೆ. ಶ್ರಮದ ಮಾನವನ್ನು ಆರಿಸುವುದು ಬರಿಯ ತಾಂತ್ರಿಕ ನಿರ್ಧಾರವಲ್ಲ ಎಂಬುದು ಇದರಿಂದ ಮನವರಿಕೆಯಾಗುತ್ತದೆ.

4. ಪರ್ಸೀನ್ ಬಂದ ಮೇಲೆ

1970ರ ದಶಕದ ಮಧ್ಯಭಾಗದಲ್ಲಿ ಕರ್ನಾಟಕದ ಕರಾವಳಿಯಲ್ಲಿ ಪರ್ಸೀನ್ ಮೀನುಗಾರಿಕೆ ವಾಣಿಜ್ಯ ರೂಪದಲ್ಲಿ ಆರಂಭವಾಯಿತು. ಯಂತ್ರದೋಣಿಯು ಹಿಂಡನ್ನು ಹುಡುಕಿ ಹೋಗಿ, ಸುತ್ತ ಬಲೆ ಹಾಕಿ, ತಳದ ಹಗ್ಗವನ್ನು ಸೆಳೆದು ಚೀಲದ ಬಾಯಿ ಕಟ್ಟಿದಂತೆ ಮುಚ್ಚುವ ವಿಧಾನವಿದು. ರಂಪಣಿ ಬೇಟೆಯಾಡುತ್ತಿದ್ದ ಬಂಗುಡೆ, ಬೂತಾಯಿಗಳೇ ಇದರ ಗುರಿ. ವ್ಯತ್ಯಾಸವೆಂದರೆ ಹಿಂಡು ದಡಕ್ಕೆ ಬರುವವರೆಗೆ ಇದು ಕಾಯಬೇಕಿಲ್ಲ. ಎಂಬತ್ತು ಜನರೂ ಬೇಕಿಲ್ಲ, ಇಪ್ಪತ್ತು ಇಪ್ಪತ್ತೈದು ಜನ ಸಾಕು. ಮಂಗಳೂರು, ಮಲ್ಪೆ ಬಂದರುಗಳಲ್ಲಿ ಇಂಥ ದೋಣಿಗಳು ಶೀಘ್ರವಾಗಿ ಹೆಚ್ಚಿದವು. ಒಂದು ದಶಕದೊಳಗೆ ಒಟ್ಟು ಇಳುವರಿಯಲ್ಲಿ ರಂಪಣಿಯ ಪಾಲು ಅತ್ಯಲ್ಪವಾಯಿತು.

ರಂಪಣಿಗಾರರು ಪ್ರತಿಭಟಿಸಿದರು. ನೆರೆಯ ಗೋವಾದಲ್ಲಿ ಇದೇ ದಶಕದಲ್ಲಿ ರಾಂಪೊಣ್‌ಕಾರರು ಸಂಘಟಿತರಾಗಿ ಯಾಂತ್ರಿಕ ದೋಣಿಗಳ ವಿರುದ್ಧ ಹೋರಾಡಿದರು. ಅಲ್ಲಿ 1980ರಲ್ಲಿ ಸಮುದ್ರ ಮೀನುಗಾರಿಕೆ ನಿಯಂತ್ರಣ ಕಾಯಿದೆ ಬಂತು. ಕರ್ನಾಟಕದ ಕಾಯಿದೆ ಬಂದದ್ದು 1986ರಲ್ಲಿ. ಅಷ್ಟರಲ್ಲಿ ರಂಪಣಿಯ ಜನರಲ್ಲಿ ಅನೇಕರು ಪರ್ಸೀನ್ ದೋಣಿಗಳಲ್ಲಿಯೇ ಪಾಲುದಾರರೋ ಕೆಲಸಗಾರರೋ ಆಗಿದ್ದರು. ಆದುದರಿಂದ ಇದನ್ನು ಹೊರಗಿನವರು ಒಳಗಿನವರನ್ನು ಓಡಿಸಿದ ಕಥೆಯೆಂದು ಸರಳಗೊಳಿಸುವಂತಿಲ್ಲ. ಒಂದೇ ಸಮುದಾಯದೊಳಗೆ ದೋಣಿಗೆ ಹಾಕಲು ಬಂಡವಾಳವುಳ್ಳವರು ಮತ್ತು ಎಳೆಯಲು ಕೈಗಳು ಮಾತ್ರ ಉಳ್ಳವರು ಎಂಬ ಬಿರುಕು ಮೂಡಿತು. ಪಾಲಿನ ಲೆಕ್ಕದಲ್ಲಿ ಬಲೆ ಮತ್ತು ಯಂತ್ರದ ಭಾಗ ಹಿಗ್ಗಿ, ಕೈಯ ಭಾಗ ಕುಗ್ಗಿತು.

5. ಅಂಕಿಗಳನ್ನು ಓದುವ ಬಗೆ

ರಂಪಣಿಯ ಇಳುವರಿ ಕುಸಿದದ್ದಕ್ಕೆ ಮೂರು ಕಾರಣಗಳನ್ನು ಊಹಿಸಬಹುದು. ಒಂದು, ಕಡಲಿನಲ್ಲಿ ಮೀನೇ ಕಡಿಮೆಯಾಗಿರಬಹುದು. ಎರಡು, ಮೀನು ಇದ್ದರೂ ನೀರಿನ ಉಷ್ಣತೆ, ಆಹಾರ, ಪ್ರವಾಹಗಳ ಬದಲಾವಣೆಯಿಂದ ಹಿಂಡು ತೀರಕ್ಕೆ ಬಾರದಿರಬಹುದು. ಮೂರು, ತೀರಕ್ಕೆ ಬರುತ್ತಿದ್ದ ಹಿಂಡನ್ನು ಹೊರಗಡಲಿನಲ್ಲಿಯೇ ಪರ್ಸೀನ್ ತಡೆದು ಹಿಡಿದಿರಬಹುದು. ಬೂತಾಯಿ, ಬಂಗುಡೆಗಳು ಸ್ವಭಾವತಃ ಏರಿಳಿತದ ಮೀನುಗಳು ಎಂಬುದನ್ನು ಇಲ್ಲಿ ನೆನೆಯಬೇಕು. ಕೇರಳದಲ್ಲಿ 2012ರಲ್ಲಿ ಸುಮಾರು 4 ಲಕ್ಷ ಟನ್ ಇದ್ದ ಬೂತಾಯಿ 2021ರಲ್ಲಿ ಸುಮಾರು 3,300 ಟನ್ನಿಗೆ ಇಳಿದದ್ದು ಇದಕ್ಕೆ ಇತ್ತೀಚಿನ ನಿದರ್ಶನ. ಇಂಥ ಮೀನಿನ ವಿಷಯದಲ್ಲಿ ಒಂದೆರಡು ವರ್ಷಗಳ ಅಂಕಿಯಿಂದ ಯಾರನ್ನೂ ಅಪರಾಧಿಯೆಂದು ಸಾರಲಾಗದು.

ಮೂರು ಕಾರಣಗಳನ್ನು ಬೇರ್ಪಡಿಸಲು ಒಟ್ಟು ಇಳುವರಿ ಸಹಾಯಕ್ಕೆ ಬಾರದು. ಮೊದಲನೆಯದು ನಿಜವಾಗಿದ್ದರೆ ರಂಪಣಿ, ಪರ್ಸೀನ್ ಎರಡರ ಪ್ರಮಾಣವೂ ಇಳಿಯಬೇಕು. ಎರಡನೆಯದು ಅಥವಾ ಮೂರನೆಯದು ನಿಜವಾಗಿದ್ದರೆ ಪರ್ಸೀನಿನ ಪ್ರಮಾಣ ನಿಂತು, ರಂಪಣಿಯದು ಮಾತ್ರ ಇಳಿಯಬೇಕು. ಈ ಎರಡರ ನಡುವಿನ ಭೇದ ತಿಳಿಯಬೇಕಾದರೆ ಹಿಂಡು ದಡದಿಂದ ಎಷ್ಟು ಸಲ ಕಂಡಿತು, ಯಾವ ತಿಂಗಳಲ್ಲಿ ಕಂಡಿತು, ಕಂಡೂ ಬೀಸಲಾಗದ ದಿನಗಳೆಷ್ಟು ಎಂಬ ಮಾಹಿತಿ ಬೇಕು. ಅದು ಇದ್ದದ್ದು ಬಂದರಿನ ಪುಸ್ತಕದಲ್ಲಿ ಅಲ್ಲ, ಕಾವಲಿನವರ ನೆನಪಿನಲ್ಲಿ.

ಹಿಂಡುಗಟ್ಟುವ ಮೀನಿನ ಇನ್ನೊಂದು ಗುಣವೂ ಅಂಕಿಯನ್ನು ಮೋಸಗೊಳಿಸುತ್ತದೆ. ಸಂಪತ್ತು ಕುಗ್ಗಿದರೂ ಉಳಿದ ಮೀನು ಒಟ್ಟಾಗಿಯೇ ಇರುವುದರಿಂದ, ಅದನ್ನು ಹುಡುಕಿಹೋಗುವ ದೋಣಿಗೆ ಪ್ರತಿ ಬೀಸಿಗೂ ತುಂಬು ಬಲೆಯೇ ಸಿಗುತ್ತದೆ. ಕೆನಡಾದ ನ್ಯೂಫೌಂಡ್‌ಲ್ಯಾಂಡ್ ತೀರದ ಕಾಡ್ ಮೀನಿನ ಇತಿಹಾಸ ಇದಕ್ಕೆ ಜಗತ್ತಿಗೇ ತಿಳಿದ ಸಾಕ್ಷಿ. 1980ರ ದಶಕದಲ್ಲಿ ತೀರದ ಸಣ್ಣ ಮೀನುಗಾರರು ತಮ್ಮ ಬಲೆಗೆ ಮೀನು ಬರುತ್ತಿಲ್ಲವೆಂದು ಎಚ್ಚರಿಸಿದರು. ದೊಡ್ಡ ಟ್ರಾಲರುಗಳ ಪ್ರಮಾಣ ಉತ್ತಮವಾಗಿದ್ದುದರಿಂದ ಆ ಮಾತಿಗೆ ಬೆಲೆ ಬರಲಿಲ್ಲ. 1992ರಲ್ಲಿ ಅಲ್ಲಿನ ಸರಕಾರ ಕಾಡ್ ಮೀನುಗಾರಿಕೆಯನ್ನೇ ನಿಲ್ಲಿಸಬೇಕಾಯಿತು. ಸಾವಿರಾರು ಜನ ಕೆಲಸ ಕಳೆದುಕೊಂಡರು. ಕಾಯುವ ಬಲೆಯು ಹುಡುಕುವ ಬಲೆಗಿಂತ ಮೊದಲೇ ಸತ್ಯ ಹೇಳಬಲ್ಲದು ಎಂಬುದು ಆ ಪ್ರಸಂಗದ ಪಾಠ. ನಮ್ಮ ಕರಾವಳಿಯ ರಂಪಣಿ ಅಂಥ ಕಾಯುವ ಬಲೆಯಾಗಿತ್ತು. ಅದು ಅಳಿದಾಗ ಒಂದು ಜೀವನೋಪಾಯದೊಂದಿಗೆ ಕಡಲನ್ನು ಅಳೆಯುವ ಒಂದು ಮಾನವೂ ಅಳಿಯಿತು.

6. ಜಾನಪದ ಅಧ್ಯಯನದ ಹೊಣೆ

ರಂಪಣಿಯ ಕಿರಿಯ ರೂಪವಾದ ಕೈರಂಪಣಿಯನ್ನು ಉಡುಪಿ, ಉತ್ತರ ಕನ್ನಡದ ತೀರಗಳಲ್ಲಿ ಇಂದಿಗೂ ಎಳೆಯುತ್ತಾರೆ. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಂತ್ರದೋಣಿಗಳಿಗೆ ನಿಷೇಧವಿರುವ 61 ದಿನಗಳಲ್ಲಿ ಕೈರಂಪಣಿಗಾರರೂ ನಾಡದೋಣಿಯವರೂ ಹವಾಮಾನ ಬಿಟ್ಟುಕೊಟ್ಟಷ್ಟು ದಿನ ದುಡಿಯುತ್ತಾರೆ. 2014ರಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯು ಅಂಗೀಕರಿಸಿದ ಸಣ್ಣ ಪ್ರಮಾಣದ ಮೀನುಗಾರಿಕೆಯ ಮಾರ್ಗಸೂಚಿಗಳು ಸಾಂಪ್ರದಾಯಿಕ ಜ್ಞಾನವನ್ನು ನಿರ್ವಹಣೆಯಲ್ಲಿ ಪರಿಗಣಿಸಬೇಕೆಂದು ಹೇಳುತ್ತವೆ. ಮಾತು ಒಳ್ಳೆಯದು. ಆದರೆ ಜ್ಞಾನವೆಂದರೆ ಹಾಡು, ನಂಬಿಕೆಗಳಷ್ಟೇ ಎಂದು ತಿಳಿದರೆ ಅದು ಅಲಂಕಾರವಾಗಿ ಉಳಿಯುತ್ತದೆ. ಪರಿಹಾರ, ಸೀಮೆಎಣ್ಣೆ, ಕಾಯ್ದಿರಿಸಿದ ತೀರ ಇವುಗಳ ಬಗೆಗಿನ ಸಣ್ಣ ಮೀನುಗಾರನ ಬೇಡಿಕೆಯನ್ನು ಕೊನೆಗೆ ನಿರ್ಧರಿಸುವುದು ಅಂಕಿಯೇ. ಆ ಅಂಕಿಯಲ್ಲಿ ಅವನ ಕಾದ ದಿನಗಳು ಇಲ್ಲದಿದ್ದರೆ ಅವನು ದುಡಿಯಲೇ ಇಲ್ಲವೆಂದಾಗುತ್ತದೆ.

ಈ ಹಿನ್ನೆಲೆಯಲ್ಲಿ ಕ್ಷೇತ್ರಕಾರ್ಯದ ಪ್ರಶ್ನಾವಳಿಗೆ ಕೆಲವು ಪ್ರಶ್ನೆಗಳನ್ನು ಸೇರಿಸಬೇಕಾಗಿದೆ. ಬರಿಗೈಯಲ್ಲಿ ಮರಳಿದ ದಿನಕ್ಕೆ ಏನು ಹೆಸರು? ಕಾವಲಿನವನಿಗೆ ಪಾಲೆಷ್ಟಿತ್ತು? ಕಾಯಿಲೆಯವರಿಗೆ, ಗಂಡನನ್ನು ಕಡಲಿಗೆ ಕಳೆದುಕೊಂಡವಳಿಗೆ ಪಾಲು ಸಲ್ಲುತ್ತಿತ್ತೇ? ಬಲೆ ಹೆಣೆದ, ನೂಲು ಹೊಸೆದ, ಮೀನು ಹೊತ್ತ ಹೆಂಗಸರ ದುಡಿಮೆ ಯಾವ ಪಾಲಿನಲ್ಲಿ ಅಡಕವಾಗಿತ್ತು? ಇವುಗಳ ಉತ್ತರಗಳು ಹಳೆಯ ರಂಪಣಿ ಗುಂಪುಗಳ ಲೆಕ್ಕದ ಪುಸ್ತಕಗಳಲ್ಲಿ ಮತ್ತು ಈಗ ಎಪ್ಪತ್ತು, ಎಂಬತ್ತರ ವಯಸ್ಸಿನಲ್ಲಿರುವ ಎಳೆದ ಕೈಗಳ ನೆನಪಿನಲ್ಲಿ ಇವೆ. ಆ ಪುಸ್ತಕಗಳನ್ನು ಹಸ್ತಪ್ರತಿಗಳಿಗೆ ಸಲ್ಲುವ ಗೌರವದಿಂದ ಸಂರಕ್ಷಿಸಬೇಕು. ಆ ನೆನಪುಗಳನ್ನು ಮೀನುಗಾರಿಕಾ ಸಂಸ್ಥೆಯ ತಿಂಗಳವಾರು ಅಂಕಿಗಳ ಪಕ್ಕದಲ್ಲಿಟ್ಟು ಓದಬೇಕು. ಎರಡೂ ಒಪ್ಪಿದಲ್ಲಿ ಅಂಕಿಗೆ ಬಲ ಬರುತ್ತದೆ. ಒಪ್ಪದಲ್ಲಿ ಹೊಸ ಪ್ರಶ್ನೆ ಹುಟ್ಟುತ್ತದೆ.

ಸಂಖ್ಯಾಶಾಸ್ತ್ರಜ್ಞನು ಮಾಡಬೇಕಾದ ಕೆಲಸವನ್ನು ಜಾನಪದ ವಿದ್ವಾಂಸನು ತನ್ನದೆಂದು ಹೇಳಿಕೊಳ್ಳಬೇಕೆಂಬುದು ಈ ಲೇಖನದ ಆಶಯವಲ್ಲ. ಇಳುವರಿಯನ್ನು ತೂಗುವ ತಕ್ಕಡಿ ಅವನಲ್ಲಿದೆ, ಇರಲಿ. ಭಾಗಿಸುವ ಸಂಖ್ಯೆ ಯಾವುದೆಂಬುದನ್ನು ಮಾತ್ರ ದುಡಿದವರನ್ನು ಕೇಳಿಯೇ ತೀರ್ಮಾನಿಸಬೇಕು. ಹೊಲವನ್ನು ಕೂರಿಗೆಯಿಂದ ಅಳೆದ ಒಳನಾಡಿನ ರೈತನಿಗೂ, ಕಡಲನ್ನು ಕೈಪಾಲಿನಿಂದ ಅಳೆದ ಕರಾವಳಿಯ ಮೀನುಗಾರನಿಗೂ ಈ ಮಾತು ಹೊಸದಲ್ಲ.